ಕರಡಿಗಳ ಸೀಮೆಯಲ್ಲಿ ಇಬ್ಬರ ಬಿಡಾರ

ಹೊರಡುವ ಮುಂಚೆ ಒಗ್ಗರಣೆಯನ್ನೆಲ್ಲ ಮನೆಯಲ್ಲೇ ಮುಗಿಸಿಕೊಳ್ಳಿ. ಕೆನಡಾದ ರಾಕಿ ಬೆಟ್ಟಗಳಲ್ಲಿ ಟೆಂಟ್ ಹಾಕಿ ಮಲಗಬೇಕು ಅಂತ ಯಾವ ಜೋಡಿ ಬಂದು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಯಾವ ಟೆಂಟ್, ಯಾವ ಕಾರು, ಎಷ್ಟು ದಿನ ಎಲ್ಲ ಆಮೇಲೆ. ಅಲ್ಲಿಯ ಕರಡಿಗೆ ನಾವು ಕಣ್ಣಿಗೆ ಬೀಳುವ ಎಷ್ಟೋ ಹೊತ್ತಿಗೆ ಮುಂಚೆ ಮೂಗಿಗೆ ಸಿಕ್ಕಿಬಿಟ್ಟಿರುತ್ತೇವೆ. ಬಿಸಿ ಎಣ್ಣೆಗೆ ಬಿದ್ದ ಇಂಗು, ಬೆಳ್ಳುಳ್ಳಿ, ಕರಿಬೇವಿನ ಘಮ ಪಕ್ಕದ ಮನೆಗೇ ಗೊತ್ತಾಗುತ್ತದೆ ಅಂದಮೇಲೆ ಕರಡಿಗೆ ಗೊತ್ತಾಗದೆ ಇರುತ್ತದೆಯೇ? ಆ ವಾಸನೆ ಕೂದಲಿಗೆ, ಸ್ವೆಟರಿಗೆ, ಟೆಂಟಿನ ಬಟ್ಟೆಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಕ್ಯಾಲ್ಗರಿಗೆ ಬಂದು ಒಂಬತ್ತು ವರ್ಷ ಆಯಿತು. ಆರು ಬೇಸಿಗೆ ನಾನೂ ನಮ್ಮನೆಯವರೂ ಇದೇ ದಾರಿಯಲ್ಲಿ ಬಿಡಾರ ಹೂಡಿದ್ದೇವೆ. ಊರಿನಲ್ಲಿ ಹಲಸಿನ ಕಾಲಕ್ಕೆ ಅಜ್ಜಿ ಹಣ್ಣಿನ ಸಿಪ್ಪೆಯನ್ನು ಒಂದು ರಾತ್ರಿಯೂ ಅಂಗಳದಲ್ಲಿ ಬಿಡುತ್ತಿರಲಿಲ್ಲ. ಎಷ್ಟೇ ಹೊತ್ತಾಗಲಿ, ಬುಟ್ಟಿಗೆ ತುಂಬಿ ದೂರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿಸುತ್ತಿದ್ದರು. “ಹಂದಿ ಒಂದ್ಸಲ ಬಾಯಿ ರುಚಿ ಕಂಡ್ರೆ ನಾಳೆ ತೋಟಕ್ಕೇ ಬರ್ತದೆ. ಆಮೇಲೆ ಯಾರಾದ್ರೂ ಕೋವಿ ತಗೀತಾರೆ. ಪಾಪ ಯಾರಿಗೆ?” ಅನ್ನುತ್ತಿದ್ದರು. ಇಲ್ಲಿ ಕರಡಿಯದೂ ಅದೇ ಕಥೆ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಬಿಡಾರಗಳ ಸುತ್ತಲೇ ಸುಳಿಯತೊಡಗುತ್ತದೆ. ಜನರ ಹೆದರಿಕೆ ಬಿಟ್ಟುಹೋದ ಮೇಲೆ ಅದನ್ನು ಕೊಲ್ಲುವುದೊಂದೇ ದಾರಿಯಾಗುವುದೂ ಉಂಟು. ಕಾಡುಪ್ರಾಣಿಗೆ ತಿನ್ನಿಸಿದರೆ ರಾಷ್ಟ್ರೀಯ ಉದ್ಯಾನದ ಕಾನೂನಿನಲ್ಲಿ 25,000 ಡಾಲರ್‌ವರೆಗೆ ದಂಡವಿದೆ. ದಂಡ ಹಾಗಿರಲಿ, ನಾವು ಮೇಜಿನ ಮೇಲೆ ಬಿಟ್ಟುಬಂದ ಒಂದು ಡಬ್ಬಿಗಾಗಿ ಒಂದು ಜೀವ ಹೋಗಬಾರದು.

ದಾರಿ, ಕಾಲ, ಜಾಗ

ಮೊದಲ ಸಲ ಹೋಗುವವರಿಗೆ ನಾನು ಹೇಳುವ ದಾರಿ ಇಷ್ಟೇ: ಕ್ಯಾಲ್ಗರಿಯಿಂದ ಬ್ಯಾನ್ಫ್, ಅಲ್ಲಿಂದ ಲೇಕ್ ಲೂಯಿಸ್, ಅಲ್ಲಿಂದ ಹೈವೇ 93ರಲ್ಲಿ ಜ್ಯಾಸ್ಪರ್. ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ಗೆ ಸುಮಾರು 230 ಕಿಲೋಮೀಟರ್. ಐಸ್‌ಫೀಲ್ಡ್ಸ್ ಪಾರ್ಕ್‌ವೇ ಅನ್ನುವುದು ಇದನ್ನೇ. ಎಲ್ಲೂ ನಿಲ್ಲದೆ ಓಡಿಸಿದರೆ ಮೂರು ಗಂಟೆಯ ದಾರಿ. ಹಾಗೆ ಓಡಿಸಲೇಬೇಡಿ, ಆರು ರಾತ್ರಿ ಇಟ್ಟುಕೊಳ್ಳಿ. ಲೇಕ್ ಲೂಯಿಸ್‌ನಲ್ಲಿ ಎರಡು, ವಾಟರ್‌ಫೌಲ್ ಲೇಕ್ಸ್‌ನಲ್ಲಿ ಒಂದು, ವಿಲ್ಕಾಕ್ಸ್‌ನಲ್ಲಿ ಒಂದು, ಜ್ಯಾಸ್ಪರ್ ಊರಿನ ಹತ್ತಿರ ಎರಡು.

ಮೊದಲ ರಾತ್ರಿ ಲೇಕ್ ಲೂಯಿಸ್‌ನಲ್ಲೇ ಇರಲಿ ಅನ್ನುವುದಕ್ಕೆ ಕಾರಣವಿದೆ. ಅಲ್ಲಿ ಟೆಂಟ್‌ನವರಿಗೆ ಬೇರೆ, ಗಟ್ಟಿ ಗೋಡೆಯ ಗಾಡಿಗಳಿಗೆ ಬೇರೆ ಜಾಗ. ಟೆಂಟ್‌ನವರ ಜಾಗದ ಸುತ್ತ ಕರಡಿ ಬಾರದಂತೆ ವಿದ್ಯುತ್ ಬೇಲಿ ಹಾಕಿದ್ದಾರೆ. ಕಾಡಿನ ಮೊದಲ ರಾತ್ರಿ ಎಲೆ ಅಲುಗಿದರೂ ಎದೆ ಹೊಡೆದುಕೊಳ್ಳುತ್ತದೆ. ಬೇಲಿ ಇದೆ ಅನ್ನುವ ಧೈರ್ಯಕ್ಕೆ ಒಂದಿಷ್ಟು ನಿದ್ದೆ ಹತ್ತುತ್ತದೆ.

ಜಾಗದ ಬುಕಿಂಗ್ ಈ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾದ ವೆಬ್‌ಸೈಟಿನಲ್ಲಿ ವರ್ಷದ ಮೊದಲ ತಿಂಗಳುಗಳಲ್ಲೇ ತೆರೆಯುತ್ತದೆ. ಜುಲೈ, ಆಗಸ್ಟ್‌ನ ಶನಿವಾರ, ಭಾನುವಾರ ಬೇಕಾದರೆ ಬುಕಿಂಗ್ ತೆರೆದ ದಿನ ಬೆಳಿಗ್ಗೆಯೇ ಕಂಪ್ಯೂಟರ್ ಮುಂದೆ ಕೂತಿರಬೇಕು. ಹೈವೇ 93ರ ಕೆಲವು ಸಣ್ಣ ಜಾಗಗಳು ಮೊದಲು ಬಂದವರಿಗೆ ಮೊದಲು ಸಿಗುವಂಥವು. ಅಂಥಲ್ಲಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಂಚೆಯೇ ಹೋಗಿ ಸೇರಿ. ಸಂಜೆ ಆರಕ್ಕೆ ಹೋದರೆ ಜಾಗ ಸಿಕ್ಕುವುದು ಕಷ್ಟ.

ಕಾಲ ಅಂದರೆ ಜುಲೈ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ. ಜೂನ್‌ನಲ್ಲಿ ಎತ್ತರದ ಕಾಲುದಾರಿಗಳಲ್ಲಿ ಇನ್ನೂ ಹಿಮ ಇರುತ್ತದೆ. ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಬರಬಹುದು. 2024ರ ಜುಲೈನಲ್ಲಿ ಬೆಂಕಿ ಜ್ಯಾಸ್ಪರ್ ಊರಿಗೇ ನುಗ್ಗಿ ಸುಮಾರು ಮೂರನೇ ಒಂದು ಭಾಗ ಕಟ್ಟಡಗಳು ಸುಟ್ಟುಹೋದವು. ನಾವು ಪ್ರತಿ ವರ್ಷ ಇಡ್ಲಿ ಹಿಟ್ಟಿಗೆ ಅಂತ ಐಸ್ ತುಂಬಿಸಿಕೊಳ್ಳುತ್ತಿದ್ದ ಊರು ಅದು. ಸುಟ್ಟು ಕರಿ ಕಡ್ಡಿಗಳಂತೆ ನಿಂತ ಮರಗಳ ನಡುವೆ ಮೊದಲ ಸಲ ಕಾರು ಓಡಿಸಿಕೊಂಡು ಹೋದಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಅದಕ್ಕೇ ಬೆಂಕಿ ಹಾಕಬಾರದು ಅನ್ನುವ ಆದೇಶ ಇದೆಯೋ ಇಲ್ಲವೋ ಅಂತ ಹೊರಡುವ ದಿನ ನೋಡಿಕೊಳ್ಳಿ, ಜಾಗ ತಲುಪಿದ ಮೇಲೆ ಇನ್ನೊಮ್ಮೆ ಕೇಳಿ. ಅಡುಗೆಯನ್ನು ಸೌದೆಯ ಮೇಲೆ ನೆಚ್ಚಿಕೊಳ್ಳಬೇಡಿ, ಗ್ಯಾಸ್ ಸ್ಟೌ ಇರಲಿ.

ಹೈವೇ 93ರ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ. ಪೆಟ್ರೋಲ್ ನಡುವೆ ಸಿಗುವುದು ಸಸ್ಕ್ಯಾಚುವನ್ ರಿವರ್ ಕ್ರಾಸಿಂಗ್‌ನಲ್ಲಿ ಮಾತ್ರ, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಲೇಕ್ ಲೂಯಿಸ್‌ನಲ್ಲೇ ಟ್ಯಾಂಕ್ ತುಂಬಿಸಿ, ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ, ಯಾವ ರಾತ್ರಿ ಎಲ್ಲಿರುತ್ತೀರಿ ಅಂತ ಒಬ್ಬ ಸ್ನೇಹಿತರಿಗೆ ಬರೆದು ಕಳಿಸಿ.

ಮಲಗುವ ವ್ಯವಸ್ಥೆ

ಜುಲೈನಲ್ಲೂ ವಿಲ್ಕಾಕ್ಸ್‌ನಲ್ಲಿ ರಾತ್ರಿ ಸೊನ್ನೆಯ ಹತ್ತಿರ ಇಳಿಯುತ್ತದೆ. ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಮೈಮೇಲೆ ದೊಡ್ಡದಾಗಿ ಬರೆದ ಅಂಕಿ ನೋಡಬೇಡಿ, ಚೀಟಿಯಲ್ಲಿ ‘ಕಂಫರ್ಟ್’ ಅಂತ ಬರೆದ ಅಂಕಿ, ಅಂದರೆ ಎಷ್ಟು ಚಳಿಯವರೆಗೆ ಹಾಯಾಗಿ ಮಲಗಬಹುದು ಅನ್ನುವುದನ್ನು ನೋಡಿ. ಅದು ಮೈನಸ್ 5 ಡಿಗ್ರಿಯ ಆಸುಪಾಸು ಇರಲಿ. ಇಬ್ಬರಿಗೂ ಒಂದೇ ಕಂಪನಿಯದು ತೆಗೆದುಕೊಳ್ಳಿ, ಒಂದಕ್ಕೆ ಎಡಗಡೆ ಜಿಪ್, ಇನ್ನೊಂದಕ್ಕೆ ಬಲಗಡೆ ಜಿಪ್. ಎರಡನ್ನೂ ಕೂಡಿಸಿ ಒಂದೇ ಮಾಡಿಕೊಳ್ಳಬಹುದು, ಒಬ್ಬರ ಬಿಸುಪು ಇನ್ನೊಬ್ಬರಿಗೆ ಆಗುತ್ತದೆ. ಕೆಳಗೆ ಹಾಸುವ ಮ್ಯಾಟ್ ಮೇಲೆ ಜಿಪುಣತನ ಮಾಡಬೇಡಿ. ಚಳಿ ಹತ್ತುವುದೇ ನೆಲದಿಂದ.

ಅಡುಗೆ

ಸಮುದ್ರಮಟ್ಟದಿಂದ 2,000 ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಇಟ್ಟ ಅನ್ನದ ಅಗುಳು ಹೊರಗೆ ಮುದ್ದೆ, ಒಳಗೆ ಗಟ್ಟಿ. ತೊಗರಿಬೇಳೆಯಂತೂ ಬೇಯುವುದೇ ಇಲ್ಲ ಅನ್ನಿ. ಅದಕ್ಕೆ ಎರಡು ಲೀಟರಿನ ಪುಟ್ಟ ಕುಕ್ಕರ್ ಒಯ್ಯುತ್ತೇನೆ, ಅನ್ನಕ್ಕೆ ಮಾತ್ರ. ಹುಳಿ, ಸಾರು, ಪಲ್ಯ ಎಲ್ಲ ಮನೆಯಲ್ಲೇ ಮಾಡಿ, ಆರಿಸಿ, ಜಿಪ್ ಚೀಲಗಳಲ್ಲಿ ಚಪ್ಪಟೆಯಾಗಿ ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿಬಿಡುತ್ತೇನೆ. ಹಲಗೆಯ ಹಾಗೆ ಆದ ಹುಳಿಯೇ ಮೊದಲ ಎರಡು ದಿನ ಕೂಲರ್‌ನಲ್ಲಿ ಐಸಿನ ಕೆಲಸ ಮಾಡುತ್ತದೆ. ಬಿಡಾರದಲ್ಲಿ ಬಿಸಿ ಮಾಡಿದರೆ ಆಯಿತು, ಒಗ್ಗರಣೆ ಸಿಡಿಸುವ ಮಾತೇ ಇಲ್ಲ.

ಮೂರನೇ ದಿನದಿಂದ ಒಣ ಅಡುಗೆ. ರವೆಯನ್ನು ಹದವಾಗಿ ಹುರಿದು, ಒಗ್ಗರಣೆ ಹಾಕಿ, ಉಪ್ಪು ಬೆರೆಸಿ ಇಟ್ಟುಕೊಂಡರೆ ಅಲ್ಲಿ ಕುದಿಯುವ ನೀರು ಹಾಕಿ ಮುಚ್ಚಿಟ್ಟರೆ ಉಪ್ಪಿಟ್ಟು. ಗೊಜ್ಜವಲಕ್ಕಿಯ ಪುಡಿ ಕಲಸಿಟ್ಟರೆ ಸ್ಟೌ ಹಚ್ಚುವ ಕೆಲಸವೂ ಇಲ್ಲ, ಮಳೆ ಹಿಡಿದ ಸಂಜೆ ನಮ್ಮನ್ನು ಎಷ್ಟೋ ಸಲ ಕಾಪಾಡಿದೆ. ಚಪಾತಿ, ಚಟ್ನಿಪುಡಿ, ಮೊಸರು. ಉಪ್ಪಿನಕಾಯಿ ಬೇಕೇ ಬೇಕು ಅನ್ನುವವರು ಸಣ್ಣ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಇನ್ನೊಂದು ಡಬ್ಬಿಯಲ್ಲಿಡಿ. ಎಣ್ಣೆ ಸೋರಿ ಕಾರಿನ ಸೀಟಿಗೆ ಇಳಿದರೆ ಪ್ರವಾಸ ಮುಗಿಯುವವರೆಗೂ ಕಾರೇ ಉಪ್ಪಿನಕಾಯಿ ಜಾಡಿ.

ಸಂಜೆಯ ಕ್ರಮ

ಆರೂವರೆಗೆಲ್ಲ ಊಟ ಮುಗಿಸಿ. ಜುಲೈನಲ್ಲಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಆದ್ದರಿಂದ ಪಾತ್ರೆ ತೊಳೆದು ಎತ್ತಿಡಲು ಬೇಕಾದಷ್ಟು ಹೊತ್ತು. ಅಡುಗೆಗೆ ಒಂದು ಜೊತೆ ಬಟ್ಟೆ ಬೇರೆಯೇ ಇಟ್ಟುಕೊಳ್ಳಿ. ನನ್ನದು ಹಳೇ ಅಂಗಿ, ಹತ್ತಿಯ ಪ್ಯಾಂಟ್, ತಲೆಗೆ ಒಂದು ವಸ್ತ್ರ. ಊಟ ಆದಮೇಲೆ ಅದನ್ನೆಲ್ಲ ತೆಗೆದು ಚೀಲಕ್ಕೆ ಹಾಕಿ ಕಾರಿಗೆ. ಟೆಂಟಿನೊಳಗೆ ಬರುವುದು ಮಲಗುವ ಬಟ್ಟೆ ಮಾತ್ರ.

ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಚೆಲ್ಲುವುದು ನಮ್ಮಲ್ಲಿ ಒಳ್ಳೆಯ ಅಭ್ಯಾಸ, ಇಲ್ಲಿ ಅದು ಕರಡಿಗೆ ಆಮಂತ್ರಣ. ನೀರನ್ನು ಟೀ ಜಾಲರಿಯಲ್ಲಿ ಸೋಸಿ, ಅದಕ್ಕೆಂದೇ ಇರುವ ಜಾಗದಲ್ಲಿ ಸುರಿಯಿರಿ. ಜಾಲರಿಯಲ್ಲಿ ಉಳಿದ ಅಗುಳು, ಕರಿಬೇವು, ಸಾಸಿವೆ ಕಸದ ಡಬ್ಬಕ್ಕೆ. ಆ ಕಸದ ಡಬ್ಬವನ್ನು ಒಮ್ಮೆ ನಿಂತು ನೋಡಿ. ದಪ್ಪ ಕಬ್ಬಿಣದ ಪೆಟ್ಟಿಗೆ, ಹಿಡಿ ಹೊರಗೆ ಕಾಣುವುದಿಲ್ಲ. ಒಂದು ತಗಡಿನ ಗೂಡಿನೊಳಗೆ ಕೈ ತೂರಿಸಿ, ಬೆರಳಿಂದ ಒಳಗಿನ ಚಿಲಕ ಒತ್ತಿದರೆ ಮಾತ್ರ ಬಾಗಿಲು ಏಳುತ್ತದೆ. ನಮ್ಮ ಬೆರಳು ಹೋಗುವ ಕಡೆ ಕರಡಿಯ ಪಂಜ ಹೋಗುವುದಿಲ್ಲ. ಮುಚ್ಚಿದ ಮೇಲೆ ಚಿಲಕ ‘ಟಕ್’ ಅನ್ನುವವರೆಗೆ ಅಲ್ಲಿಂದ ಕದಲಬೇಡಿ.

ಈಗ ಕಾರಿಗೆ ಸೇರಬೇಕಾದವು. ಕೂಲರ್, ಸ್ಟೌ, ಖಾಲಿ ಕುಕ್ಕರ್, ನೀರಿನ ಬಾಟಲಿ ಬಿಟ್ಟು ಮಿಕ್ಕ ಎಲ್ಲ ಪಾನೀಯ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ಮರೆಯುವುದು ಮಿಕ್ಕವನ್ನು: ಟೂತ್‌ಪೇಸ್ಟ್, ಮೈಸೂರ್ ಸ್ಯಾಂಡಲ್ ಸೋಪು, ತುಟಿಗೆ ಹಚ್ಚುವ ಮುಲಾಮು, ಕೊಬ್ಬರಿ ಎಣ್ಣೆ, ಅಮೃತಾಂಜನ, ಊದುಬತ್ತಿ, ಕೋಟಿನ ಜೇಬಿನಲ್ಲಿರುವ ಏಲಕ್ಕಿ, ಅಡಿಕೆ ಪುಡಿ. ನಾನು ದಿನಾ ತಲೆಗೆ ಎಣ್ಣೆ ಹಚ್ಚುವವಳು, ಆ ಆರು ದಿನ ಹಚ್ಚುವುದಿಲ್ಲ. ಬೆಳಗಿನ ದೀಪ, ಊದುಬತ್ತಿ ಕೂಡ ಇಲ್ಲ, ಎದುರಿಗಿರುವ ಬೆಟ್ಟಕ್ಕೆ ಕೈ ಮುಗಿದರೆ ಆಯಿತು. ಕಾರಿನ ಗಾಜು ಪೂರ್ತಿ ಏರಿಸಿ, ಬಾಗಿಲಿಗೆ ಬೀಗ ಹಾಕಿ. ಹಿಡಿ ಎಳೆದು ಬಾಗಿಲು ತೆಗೆಯುವುದನ್ನು ಕರಡಿಗಳು ಕಲಿತುಬಿಡುತ್ತವೆ. ಇಲ್ಲಿ ಕಾರಿನೊಳಗೆ ಇಡಬಹುದು ಅಂದಮಾತ್ರಕ್ಕೆ ಎಲ್ಲ ಕಡೆಯೂ ಹಾಗೆ ಅಲ್ಲ. ಅಮೆರಿಕದ ಯೊಸೆಮಿಟಿಯಲ್ಲಿ ರಾತ್ರಿ ಊಟದ ವಸ್ತು ಕಾರಿನಲ್ಲಿ ಇರಕೂಡದು, ಕಬ್ಬಿಣದ ಲಾಕರಿಗೇ ಹಾಕಬೇಕು. ಹೋದ ಕಡೆಯ ನಿಯಮ ಓದಿಕೊಳ್ಳಿ.

ಇಬ್ಬರೇ ಇರುವಾಗ ಒಂದು ತೊಡಕಿದೆ, ಅದನ್ನು ನಾವು ಕಷ್ಟಪಟ್ಟು ಕಲಿತೆವು. ಮೊದಲ ವರ್ಷ ಒಂದು ಸಂಜೆ ಗೊಜ್ಜವಲಕ್ಕಿಯ ಡಬ್ಬಿ ಮೇಜಿನ ಮೇಲೇ ಉಳಿಯಿತು. ನಾನು ಇವರು ಎತ್ತಿಟ್ಟಿದ್ದಾರೆ ಅಂದುಕೊಂಡೆ, ಇವರು ನಾನು ಎತ್ತಿಟ್ಟಿದ್ದೇನೆ ಅಂದುಕೊಂಡರು. ಬೆಳಿಗ್ಗೆ ಎದ್ದು ನೋಡಿದರೆ ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ, ಎರಡು ದೊಡ್ಡ ಕಾಡುಕಾಗೆಗಳು ಬೆಲ್ಲ, ಹುಣಸೆ ಮೆತ್ತಿದ ಅವಲಕ್ಕಿಯನ್ನು ಹೆಕ್ಕುತ್ತಿದ್ದವು. ಅವತ್ತು ಬಂದದ್ದು ಕಾಗೆ. ಆ ನೆಲದಲ್ಲಿ ಮಂಡಿಯೂರಿ ಒಂದೊಂದೇ ಚೂರು ಆರಿಸುವಾಗ ನನ್ನ ಕೈ ನಡುಗುತ್ತಿತ್ತು. ಅಂದಿನಿಂದ ಊಟದ ಸಾಮಾನೆಲ್ಲ ನನ್ನ ಹೊಣೆ, ಸ್ನಾನದ, ಔಷಧದ, ಜೇಬಿನ ಸಾಮಾನು ಇವರ ಹೊಣೆ. ಮಲಗುವ ಮುಂಚೆ ಅದಲುಬದಲು: ನನ್ನ ಕೆಲಸವನ್ನು ಇವರು ಟಾರ್ಚ್ ಹಿಡಿದು ನೋಡುತ್ತಾರೆ, ಇವರದನ್ನು ನಾನು. ಐದು ನಿಮಿಷದ ಕೆಲಸ. ಎಷ್ಟೇ ದಣಿದಿದ್ದರೂ ಬಿಟ್ಟಿಲ್ಲ.

ಕಾಲುದಾರಿಯಲ್ಲಿ

ಬೇರ್ ಸ್ಪ್ರೇ ಇಬ್ಬರಿಗೆ ಎರಡು ಕ್ಯಾನ್ ಬೇಕು, 225 ಗ್ರಾಂನದೋ ಅದಕ್ಕಿಂತ ದೊಡ್ಡದೋ. ಮೆಣಸಿನ ಖಾರದ ಸತ್ವವನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಸೊಂಟದ ಪಟ್ಟಿಯಲ್ಲಿ ಇರಲಿ, ಬೆನ್ನಿನ ಚೀಲದೊಳಗೆ ಇದ್ದರೆ ಇದ್ದೂ ಇಲ್ಲದ ಹಾಗೆ. ಸುರಕ್ಷತೆಯ ಕ್ಲಿಪ್ಪನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ತೆಗೆಯುವುದನ್ನು ಮನೆಯಲ್ಲೇ ಹತ್ತು ಸಲ ಅಭ್ಯಾಸ ಮಾಡಿ, ಗುಂಡಿ ಮಾತ್ರ ಒತ್ತಬೇಡಿ. ಅದು ತಲುಪುವುದು ಕೆಲವೇ ಮೀಟರ್ ದೂರ, ಕರಡಿ ಅಷ್ಟು ಹತ್ತಿರ ಬರುವವರೆಗೆ ಕಾಯಬೇಕಾಗುತ್ತದೆ. ಸೊಳ್ಳೆ ಔಷಧದ ಹಾಗೆ ಟೆಂಟಿಗೆ, ಬಟ್ಟೆಗೆ ಹೊಡೆಯಲೇಬಾರದು. ಒಣಗಿದ ಮೇಲೆ ಉಳಿಯುವ ವಾಸನೆ ಕರಡಿಯನ್ನು ಕರೆಯುವುದೂ ಇದೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ರಾತ್ರಿ ಟೆಂಟಿನೊಳಗೆ ಇಬ್ಬರ ತಲೆದೆಸೆಯಲ್ಲೂ ಒಂದೊಂದು ಇರಲಿ.

ಕರಡಿಯ ಜೊತೆ ಆಗುವ ಅನಾಹುತಗಳಲ್ಲಿ ಎಷ್ಟೋ ಅದು ಬೆಚ್ಚಿಬೀಳುವುದರಿಂದ ಆಗುವಂಥವು. ಗುಂಪಿನಲ್ಲಿ ಹೋದರೆ ತಾನಾಗಿ ಗದ್ದಲ ಇರುತ್ತದೆ. ಗಂಡ ಹೆಂಡತಿ ಇಬ್ಬರೇ ನಡೆಯುವಾಗ ಅರ್ಧ ಗಂಟೆಗೆಲ್ಲ ಮಾತು ಮುಗಿದಿರುತ್ತದೆ, ಮೌನವಾಗಿ ನಡೆಯುವುದೇ ಹಿತವಾಗಿರುತ್ತದೆ. ಅಲ್ಲೇ ಎಚ್ಚರ ಬೇಕು. ತಿರುವು ಬಂದಾಗ, ತೊರೆಯ ಸದ್ದು ಜೋರಾದಾಗ, ಎದುರು ಗಾಳಿ ಬೀಸುವಾಗ ದನಿ ಎತ್ತಿ ಕೂಗಬೇಕು. ಇವರದು “ಜಾಂಬವಂತಾ, ಬಂದ್ವಿ ಕಣಪ್ಪಾ, ದಾರಿ ಬಿಡು!” ನನ್ನದು ಬಾಯಿಗೆ ಬಂದ ದೇವರನಾಮ. ಅಂಗಡಿಯಲ್ಲಿ ಮಾರುವ ಪುಟ್ಟ ಗಂಟೆಗಳನ್ನು ನಂಬಬೇಡಿ, ಆ ಕಿಣಿಕಿಣಿ ದೂರಕ್ಕೆ ಕೇಳಿಸುವುದಿಲ್ಲ. ಜುಲೈ ನಡುವಿನಿಂದ ಬಫಲೋಬೆರಿ ಅನ್ನುವ ಸಣ್ಣ ಕೆಂಪು ಹಣ್ಣು ಪೊದೆಗಳಲ್ಲಿ ತುಂಬಿಕೊಳ್ಳುತ್ತದೆ. ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಡಬೇಕಾದ ಕರಡಿ ತಲೆ ಎತ್ತದೆ ಅದನ್ನೇ ಮೇಯುತ್ತಿರುತ್ತದೆ. ದಾರಿಯ ಎರಡೂ ಕಡೆ ಆ ಹಣ್ಣು ಕಂಡರೆ ಹಾಡು ಇನ್ನೂ ಜೋರಾಗಲಿ.

ಲೇಕ್ ಲೂಯಿಸ್ ಪಕ್ಕದ ಮೊರೇನ್ ಲೇಕ್ ಹತ್ತಿರದ ಕೆಲವು ದಾರಿಗಳಲ್ಲಿ ಗ್ರಿಜ್ಲಿ ಅನ್ನುವ ದೊಡ್ಡ ಕಂದು ಕರಡಿಯ ಓಡಾಟ ಇರುವ ದಿನಗಳಲ್ಲಿ ಕನಿಷ್ಠ ನಾಲ್ಕು ಜನ ಒಟ್ಟಿಗೆ ನಡೆಯಬೇಕು ಅನ್ನುವುದು ಕಾನೂನೇ. ಇಬ್ಬರೇ ಬಂದೆವಲ್ಲ ಅಂತ ಹಿಂದಿರುಗಬೇಕಿಲ್ಲ. ದಾರಿಯ ಬಾಯಲ್ಲಿ ನಿಂತು, ಬರುವ ಇನ್ನೊಂದು ಜೋಡಿಯನ್ನು “ಒಟ್ಟಿಗೆ ಹೋಗೋಣವೇ?” ಅಂತ ಕೇಳಿ. ಹಾಗೆ ಸಿಕ್ಕ ಒಬ್ಬ ವಯಸ್ಸಾದ ದಂಪತಿ ನಮಗೆ ಲಾರ್ಚ್ ಮರದ ಸೂಜಿ ಎಲೆಗಳು ಸೆಪ್ಟೆಂಬರ್ ಕೊನೆಗೆ ಬಂಗಾರದ ಬಣ್ಣಕ್ಕೆ ತಿರುಗಿ ಉದುರುವುದನ್ನು ಕೈಯಲ್ಲಿ ಹಿಡಿದು ತೋರಿಸಿದರು. ಮೊರೇನ್ ಲೇಕ್‌ಗೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ, ಶಟಲ್ ಬಸ್ಸಿಗೆ ಮೊದಲೇ ಬುಕ್ ಮಾಡಿ.

ಎದುರಾದರೆ

ಕರಡಿ, ತೋಳ, ಕೂಗರ್ ಅನ್ನುವ ದೊಡ್ಡ ಕಾಡುಬೆಕ್ಕು ಇವುಗಳಿಂದ 100 ಮೀಟರ್ ದೂರ. ಜಿಂಕೆ, ಜಿಂಕೆ ಜಾತಿಯವೇ ಆದ ದೊಡ್ಡ ಎಲ್ಕ್, ಮೂಸ್, ಮತ್ತೆ ಕಾಡುಕುರಿಗಳಿಂದ 30 ಮೀಟರ್. ಅಳತೆ ಟೇಪು ಬೇಡ. ಕೈ ನೀಟಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ. ಪ್ರಾಣಿ ಪೂರ್ತಿ ಹೆಬ್ಬೆರಳ ಹಿಂದೆ ಮರೆಯಾಗದಿದ್ದರೆ ನೀವು ತೀರಾ ಹತ್ತಿರ ಇದ್ದೀರಿ.

ಕರಡಿ ಎದುರಾದರೆ ಓಡಬೇಡಿ. ಇಬ್ಬರೂ ಒಬ್ಬರಿಗೊಬ್ಬರು ಒತ್ತಿ ನಿಲ್ಲಿ. ಮೆಲುದನಿಯಲ್ಲಿ ಮಾತಾಡುತ್ತ, ಸ್ಪ್ರೇ ಕೈಗೆ ತೆಗೆದುಕೊಂಡು, ನಿಧಾನವಾಗಿ ಹಿಂದೆ ಸರಿಯಿರಿ. ಮರಿ ಇದೆ ಅಂತಲೋ, ತಿನ್ನುತ್ತಿದ್ದುದನ್ನು ಕಿತ್ತುಕೊಳ್ಳುತ್ತಾರೆ ಅಂತಲೋ ಬೆದರಿ ಮೇಲೆ ಬಿದ್ದರೆ ಬೋರಲಾಗಿ ಮಲಗಿ, ಕಾಲು ಅಗಲಿಸಿ, ಎರಡೂ ಕೈ ಕುತ್ತಿಗೆಯ ಹಿಂದೆ ಹೆಣೆದು ಸತ್ತವರ ಹಾಗೆ ಬಿದ್ದಿರಬೇಕು. ಹಿಂಬಾಲಿಸಿಕೊಂಡೇ ಬಂದರೆ, ಅಥವಾ ರಾತ್ರಿ ಟೆಂಟಿಗೆ ನುಗ್ಗಿದರೆ ಅದು ಬೇಟೆಯ ಮನಸ್ಸು. ಆಗ ಸುಮ್ಮನೆ ಮಲಗಬಾರದು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡಬೇಕು. ಈ ವ್ಯತ್ಯಾಸವನ್ನು ಹೊರಡುವ ಮುಂಚೆ ಇಬ್ಬರೂ ಗಟ್ಟಿಯಾಗಿ ಹೇಳಿಕೊಂಡು ನೆನಪಿಟ್ಟುಕೊಳ್ಳಿ. ಗ್ರಿಜ್ಲಿಯೋ ಕಪ್ಪು ಕರಡಿಯೋ ಅಂತ ಬಣ್ಣ ನೋಡಿ ಹೇಳಲಾಗದು. ಹೆಗಲ ಮೇಲೆ ಡುಬ್ಬ, ಒಳಕ್ಕೆ ಬಾಗಿದ ಮುಖ, ಉದ್ದ ಉಗುರು ಇದ್ದರೆ ಗ್ರಿಜ್ಲಿ.

ನನಗೆ ನಿಜವಾಗಿ ಹತ್ತಿರದಲ್ಲಿ ಎದುರಾದದ್ದು ಎಲ್ಕ್, ನಮ್ಮ ಕಡವೆಯ ದೊಡ್ಡಕ್ಕ. ಒಂದು ಜೂನ್ ತಿಂಗಳು ಜ್ಯಾಸ್ಪರ್ ಹತ್ತಿರ ಬೆಳಿಗ್ಗೆ ಟೆಂಟಿನ ಜಿಪ್ ಒಂದು ಗೇಣು ಎಳೆದೆ. ಹದಿನೈದು ಹೆಜ್ಜೆ ಆಚೆ ತಾಯಿ ನಿಂತಿತ್ತು, ಕಾಲ ಬುಡದಲ್ಲಿ ಚುಕ್ಕೆ ಚುಕ್ಕೆಯ ಮರಿ. ತಾಯಿಯ ಕಿವಿ ಹಿಂದಕ್ಕೆ ಮಡಚಿತ್ತು, ಮೂಗಿನಿಂದ ಬಿಸಿ ಉಸಿರು ಹೊಗೆಯ ಹಾಗೆ ಬರುತ್ತಿತ್ತು. ಇವರು ಅದೇ ಹೊತ್ತಿಗೆ ಶೌಚಾಲಯದಿಂದ ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. “ರೀ, ಅಲ್ಲೇ ನಿಲ್ಲಿ. ಕಾರಿನ ಆಚೆ ಹೋಗಿ” ಅಂತ ಪಿಸುದನಿಗಿಂತ ಸ್ವಲ್ಪ ಮೇಲೆ ಹೇಳಿದೆ. ಅವರು ಕಾರನ್ನು ನಡುವೆ ಮಾಡಿಕೊಂಡು ನಿಂತರು. ನಾನು ಜಿಪ್ ಹಾಗೇ ಬಿಟ್ಟು ಒಳಗೇ ಕೂತೆ. ಇಪ್ಪತ್ತು ನಿಮಿಷ. ಮರಿ ಹಾಲು ಕುಡಿಯಿತು, ಎರಡು ಸಲ ಮುಗ್ಗರಿಸಿತು, ಆಮೇಲೆ ಎರಡೂ ಹೊಳೆಯ ಕಡೆ ಹೊರಟುಹೋದವು. ಮೇ, ಜೂನ್ ಮರಿ ಹಾಕುವ ಕಾಲ, ತಾಯಿ ಮುಂಗಾಲಿನಿಂದ ತುಳಿಯಲು ಬರುತ್ತದೆ. ಸೆಪ್ಟೆಂಬರ್ ಬೆದೆಯ ಕಾಲ, ಆಗ ಗಂಡು ಎಲ್ಕ್ ಕಾರಿಗೂ ಕೊಂಬು ಹೊಡೆದೀತು. ಏನಾದರೂ ಗಟ್ಟಿಯಾದದ್ದನ್ನು ನಡುವೆ ಇಟ್ಟುಕೊಳ್ಳಿ: ಮರ, ಕಾರು, ಮೇಜು.

ರಸ್ತೆಯಲ್ಲಿ

ಬ್ಯಾನ್ಫ್‌ನ ದೊಡ್ಡ ಹೆದ್ದಾರಿಗೆ ಎರಡೂ ಕಡೆ ಬೇಲಿ ಇದೆ, ಪ್ರಾಣಿಗಳು ದಾಟಲು ಮರಗಿಡ ಬೆಳೆಸಿದ ಮೇಲ್ಸೇತುವೆಗಳಿವೆ, ಕೆಳದಾರಿಗಳಿವೆ. ಇವು ಬಂದಮೇಲೆ ಗಾಡಿಗೆ ಸಿಕ್ಕಿ ಸಾಯುವ ಪ್ರಾಣಿಗಳ ಸಂಖ್ಯೆ ಶೇಕಡಾ 80ಕ್ಕಿಂತ ಹೆಚ್ಚು ಇಳಿಯಿತು. ಆ ಹಸಿರು ಸೇತುವೆಯ ಕೆಳಗೆ ಹಾದುಹೋಗುವಾಗಲೆಲ್ಲ ನನಗೆ ಬಂಡೀಪುರ ನೆನಪಾಗುತ್ತದೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಹಾಕಿ ಕಾಯುತ್ತೇವೆ, ಇಲ್ಲಿ ಸೇತುವೆ ಕಟ್ಟಿ ಕಾಯುತ್ತಾರೆ. ಹೈವೇ 93ಕ್ಕೆ ಅಂಥ ಬೇಲಿ ಇಲ್ಲ. ಮುಂಜಾನೆ, ಮುಸ್ಸಂಜೆ ಓಡಿಸಲೇಬೇಕಾದರೆ ವೇಗ ಇಳಿಸಿ. ಒಬ್ಬರು ರಸ್ತೆ ನೋಡಲಿ, ಪಕ್ಕದಲ್ಲಿ ಕೂತವರು ಫೋನ್ ಕೆಳಗಿಟ್ಟು ಬದಿಯ ಹುಲ್ಲಿನಂಚು ನೋಡುತ್ತಿರಲಿ. “ಎಡಗಡೆ” ಅಂದರೆ ಸಾಕು, ಕಾಲು ಬ್ರೇಕಿಗೆ ಹೋಗುತ್ತದೆ. ಕರಡಿ ಕಂಡು ಕಾರುಗಳು ಸಾಲುಗಟ್ಟಿ ನಿಂತಿದ್ದರೆ ಅದರಲ್ಲಿ ಸೇರಬೇಡಿ. ನಿಧಾನ ಮಾಡಿ, ನೋಡಿ, ಮುಂದೆ ಹೋಗಿ. ಇಳಿದು ಫೋಟೋ ತೆಗೆಯುವುದಂತೂ ಬೇಡವೇ ಬೇಡ.

ಕೊನೆಯ ದಿನ ಟೆಂಟನ್ನು ಒದ್ದೆಯಾಗಿ ಮಡಚಿ ಇಟ್ಟಿದ್ದರೆ ಮನೆಗೆ ಬಂದ ಸಂಜೆಯೇ ಬಿಡಿಸಿ ಹರವಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ವಿಮಾನದಲ್ಲಿ ಬಂದವರಿಗೆ ಇನ್ನೊಂದು ಮಾತು. ಬೇರ್ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಬ್ಯಾಗಿನಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಇಲ್ಲಿಗೆ ಬಂದಮೇಲೆ ಕೊಂಡು, ಹೋಗುವಾಗ ಬಿಡಾರದಲ್ಲಿ ಹೊಸದಾಗಿ ಬಂದಿಳಿದವರಿಗೆ ಕೊಟ್ಟುಹೋಗಿ. ಊರಿಂದ ಬಂದ ನಮ್ಮ ನೆಂಟರು ಬಿಟ್ಟುಹೋದ ನಾಲ್ಕು ಕ್ಯಾನ್ ನಮ್ಮ ಗ್ಯಾರೇಜಿನ ತಂಪು ಮೂಲೆಯಲ್ಲಿವೆ. ಕೇಳಿದವರಿಗೆ ಕೊಡುವ ಮುಂಚೆ ಪ್ರತಿಯೊಂದರ ತಳ ತಿರುಗಿಸಿ ಅವಧಿಯ ತಾರೀಖು ಓದುತ್ತೇನೆ.